ಮಿದುಳಿನ ಒಡ್ಡು

ಅಘನಾಶಿನಿ ನದಿಯು ಕುಮಟಾ ತಾಲೂಕಿನಲ್ಲಿ ಕಡಲನ್ನು ಸೇರುವ ಮುನ್ನ ಹರಡಿಕೊಳ್ಳುವ ತಗ್ಗು ನೆಲದಲ್ಲಿ ಗಜನಿ ಗದ್ದೆಗಳಿವೆ. ಉಪ್ಪುನೀರನ್ನು ತಾಳಿಕೊಳ್ಳುವ ಕಗ್ಗ ಎಂಬ ಭತ್ತ ಅಲ್ಲಿಯ ಬೆಳೆ. ಕಡಲಿನ ಭರತವನ್ನು ತಡೆಯಲು ರೈತರು ಮಣ್ಣಿನ ಒಡ್ಡುಗಳನ್ನು ಕಟ್ಟುತ್ತಾರೆ. ಒಡ್ಡಿನಲ್ಲಿ ಏಡಿಯೊಂದು ಬಿಲ ಕೊರೆದರೆ ಮೊದಲ ದಿನ ಬೆರಳಗಲದ ನೀರು ಒಸರುತ್ತದೆ. ಆ ನೀರೇ ಮಣ್ಣನ್ನು ಕೊಚ್ಚಿಕೊಂಡು ಹೋಗಿ ಮರುದಿನದ ನೀರಿಗೆ ದಾರಿಯನ್ನು ಅಗಲಗೊಳಿಸುತ್ತದೆ. ಇಂಥದೇ ಒಂದು ಕ್ರಿಯೆ ಮಿದುಳಿನಲ್ಲಿಯೂ ನಡೆಯಬಲ್ಲದೆಂಬುದನ್ನು ವಿಜ್ಞಾನಿಗಳು ಪ್ರಾಣಿಗಳ ಮೇಲಿನ ಪ್ರಯೋಗಗಳಿಂದ ಕಂಡುಕೊಂಡಿದ್ದಾರೆ. ಅಪಸ್ಮಾರ ಅಥವಾ ಮೂರ್ಛೆರೋಗವನ್ನು ಅರಿಯಲು ಈ ತಿಳಿವಳಿಕೆ ಬಹು ಮುಖ್ಯವಾದುದು.

ಮಿದುಳಿನ ನರಕೋಶಗಳು ಪರಸ್ಪರ ಸೂಕ್ಷ್ಮವಾದ ವಿದ್ಯುತ್ ಸಂಕೇತಗಳಿಂದ ವ್ಯವಹರಿಸುತ್ತವೆ. ಕೆಲವು ಕೋಶಗಳು ಉದ್ದೀಪಿಸುತ್ತವೆ, ಕೆಲವು ತಡೆಯುತ್ತವೆ. ಈ ಸಮತೋಲ ತಪ್ಪಿ ಅಸಂಖ್ಯ ಕೋಶಗಳು ಒಮ್ಮೆಲೇ ಸಂಕೇತಗಳನ್ನು ಹೊರಡಿಸಿದಾಗ ಸೆಳವು ಬರುತ್ತದೆ. ಇದು ದೆವ್ವದ ಕಾಟವೂ ಅಲ್ಲ, ದೈವದ ಮುನಿಸೂ ಅಲ್ಲ.

ಗ್ರಹಾಂ ಗೊಡಾರ್ಡ್ ಎಂಬ ವಿಜ್ಞಾನಿಯು 1960ರ ದಶಕದಲ್ಲಿ ಇಲಿಗಳ ಮಿದುಳಿಗೆ ದಿನಕ್ಕೊಮ್ಮೆ ಅತಿ ದುರ್ಬಲವಾದ ವಿದ್ಯುತ್ತನ್ನು ಹಾಯಿಸಿ ಪರೀಕ್ಷಿಸಿದನು. ಮೊದಲು ಇಲಿಗಳಿಗೆ ಏನೂ ಆಗಲಿಲ್ಲ. ದಿನಗಳು ಕಳೆದಂತೆ ಅದೇ ಅಲ್ಪ ವಿದ್ಯುತ್ತಿಗೆ ಅವುಗಳ ಮೈ ಸೆಳೆಯತೊಡಗಿತು. ಕೊನೆಗೆ ಪೂರ್ಣ ಸೆಳವೇ ಬಂದಿತು. ಬಹುಕಾಲ ವಿದ್ಯುತ್ತನ್ನು ನಿಲ್ಲಿಸಿದ ಮೇಲೂ ಮಿದುಳು ಆ ದೌರ್ಬಲ್ಯವನ್ನು ಮರೆಯಲಿಲ್ಲ. ಸಣ್ಣ ಕಡ್ಡಿಗಳಿಂದ ಒಲೆ ಹೊತ್ತಿಸುವುದನ್ನು ಸೂಚಿಸುವ ‘ಕಿಂಡ್ಲಿಂಗ್’ ಎಂಬ ಹೆಸರನ್ನು ಅವನು 1969ರಲ್ಲಿ ಪ್ರಕಟಿಸಿದ ಲೇಖನದಲ್ಲಿ ಈ ಕ್ರಿಯೆಗೆ ಕೊಟ್ಟನು.

ಹಾಗಾದರೆ ಮಿದುಳಿನಲ್ಲಿ ಬದಲಾಗುವುದು ಏನು? ನೆನಪಿಗೆ ಆಧಾರವಾದ ಹಿಪ್ಪೊಕ್ಯಾಂಪಸ್ ಎಂಬ ಭಾಗದಲ್ಲಿ ಇದರ ಉತ್ತರ ದೊರೆಯಿತು. ಕಡಲಕುದುರೆಯ ಆಕಾರವನ್ನು ಹೋಲುವುದರಿಂದ ಆ ಭಾಗಕ್ಕೆ ಈ ಹೆಸರು ಬಂದಿದೆ. ಕಡಲಪಾಚಿಯೊಂದರಲ್ಲಿ ದೊರೆತ ಕೈನಿಕ್ ಆಮ್ಲವನ್ನು ಇಲಿಗಳಿಗೆ ಕೊಟ್ಟು ದೀರ್ಘವಾದ ಸೆಳವನ್ನು ಉಂಟುಮಾಡಿದಾಗ ಅಲ್ಲಿಯ ಕೆಲವು ನರಕೋಶಗಳು ಸತ್ತವು. ಉಳಿದ ಕೋಶಗಳ ತಂತುಗಳು ಕುಡಿಯೊಡೆದು, ಹಿಂದೆ ಸಂಬಂಧವಿಲ್ಲದ ಎಡೆಗಳಿಗೆ ಚಾಚಿಕೊಂಡವು. ಹೀಗೆ ಉದ್ದೀಪನವು ಮರಳಿ ಮರಳಿ ಸುತ್ತುವ ಹೊಸ ದಾರಿಗಳು ಹುಟ್ಟಿದವು. ಗಾಯವನ್ನು ತುಂಬಲು ಹೊರಟ ಬೆಳವಣಿಗೆಯೇ ಮುಂದಿನ ಸೆಳವಿಗೆ ನೆರವಾಗಬಹುದೆಂದು ವಿಜ್ಞಾನಿಗಳು ಊಹಿಸಿದರು.

ಈ ಶೋಧದಲ್ಲಿ ಕರ್ನಾಟಕದ ಪಾಲೂ ಇದೆ. ಹಂಡೆಯ ಬಿಸಿನೀರನ್ನು ತಂಬಿಗೆಯಿಂದ ತಲೆಗೆ ಒಂದರ ಮೇಲೊಂದರಂತೆ ಸುರಿದುಕೊಳ್ಳುವುದು ನಮ್ಮ ನಾಡಿನ ವಾಡಿಕೆ. ಹೀಗೆ ಸ್ನಾನ ಮಾಡುವಾಗಲೇ ಕೆಲವರಿಗೆ ಸೆಳವು ಬರುತ್ತದೆ. ದಕ್ಷಿಣ ಕರ್ನಾಟಕದಲ್ಲಿ ಹೆಚ್ಚಾಗಿ ಕಾಣುವ ಈ ‘ಬಿಸಿನೀರಿನ ಅಪಸ್ಮಾರ’ವನ್ನು ಡಾ. ಕೆ. ಎಸ್. ಮಣಿ ಮತ್ತು ಅವರ ಸಂಗಡಿಗರು 1968ರಲ್ಲಿ ವರದಿ ಮಾಡಿದರು. ಡಾ. ಪಿ. ಸತೀಶ್ಚಂದ್ರ ಮತ್ತು ಸಂಗಡಿಗರು 1988ರಲ್ಲಿ ಇಂಥ 279 ರೋಗಿಗಳ ಅಧ್ಯಯನವನ್ನು ಪ್ರಕಟಿಸಿದರು. ಮುಂದೆ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ ಇಲಿಗಳ ತಲೆಯ ಮೇಲೆ ಬಿಸಿನೀರನ್ನು ಹಾಯಿಸಿ ಪರೀಕ್ಷಿಸಲಾಯಿತು. ಪ್ರಯೋಗವನ್ನು ಪುನರಾವರ್ತಿಸಿದಂತೆ ಸೆಳವು ಕಡಿಮೆ ಉಷ್ಣತೆಯಲ್ಲಿಯೇ, ಬೇಗನೆ ಬರತೊಡಗಿತು. ಹೆಚ್ಚು ಹೊತ್ತು ನಿಲ್ಲತೊಡಗಿತು. ಒಡ್ಡಿನ ಬಿರುಕು ಅಗಲವಾಗುತ್ತಿದ್ದುದಕ್ಕೆ ಇದು ಸಾಕ್ಷಿ.

ಇಲಿಯ ಮಿದುಳು ಮನುಷ್ಯನ ಮಿದುಳಲ್ಲ. ಇಲಿಯಲ್ಲಿ ಕಂಡುದೆಲ್ಲವೂ ಪ್ರತಿಯೊಬ್ಬ ರೋಗಿಯಲ್ಲಿಯೂ ನಡೆಯುತ್ತದೆಂದು ಹೇಳಲಾಗದು. ಒಂದು ಸೆಳವು ಬಂದೊಡನೆ ಮಿದುಳು ಕೆಟ್ಟಿತೆಂದು ಹೆದರಬೇಕಾಗಿಯೂ ಇಲ್ಲ. ಆದರೆ ದೀರ್ಘವಾದ ಸೆಳವು ಮನುಷ್ಯನಿಗೂ ಅಪಾಯಕರ ಎಂಬುದು ನಿಶ್ಚಿತ. ಸರಿಯಾದ ಔಷಧಿಯಿಂದ ನೂರರಲ್ಲಿ ಸುಮಾರು 70 ರೋಗಿಗಳು ಸೆಳವಿಲ್ಲದೆ ಬಾಳಬಲ್ಲರು ಎಂಬುದೂ ಅಷ್ಟೇ ನಿಜ.

ಭಟ್ಕಳ, ಹೊನ್ನಾವರ, ಕುಮಟಾಗಳಲ್ಲಿ ಬದುಕು ನೀರಿಗೆ ಅಂಟಿಕೊಂಡಿದೆ. ದೋಣಿಯಲ್ಲಿ, ಹೊಳೆಯ ದಂಡೆಯಲ್ಲಿ, ಬಾವಿಕಟ್ಟೆಯಲ್ಲಿ ಬರುವ ಸೆಳವು ಪ್ರಾಣಕ್ಕೇ ಎರವಾದೀತು. ಮಗಳ ಮದುವೆಗೆ ಅಡ್ಡಿಯಾದೀತೆಂದು ರೋಗವನ್ನು ಮುಚ್ಚಿಡುವುದು, ಕೈಗೆ ಕಬ್ಬಿಣ ಕೊಟ್ಟು ಸುಮ್ಮನಾಗುವುದು ಸಲ್ಲದು. ಸೆಳವು ಬಂದವರನ್ನು ಪಕ್ಕಕ್ಕೆ ಹೊರಳಿಸಿ ಮಲಗಿಸಬೇಕು. ಬಾಯಿಗೆ ಏನನ್ನೂ ತುರುಕಬಾರದು. 5 ನಿಮಿಷ ಮೀರಿದರೆ ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು. ವೈದ್ಯರು ಕೊಟ್ಟ ಔಷಧಿಯನ್ನು ಅವರ ಸಲಹೆಯಿಲ್ಲದೆ ನಿಲ್ಲಿಸಬಾರದು. ಗಜನಿಯ ರೈತನು ಬಿಲವನ್ನು ಕಂಡ ದಿನವೇ ಹಿಡಿಮಣ್ಣಿನಿಂದ ಮುಚ್ಚುತ್ತಾನೆ. ಒಡ್ಡು ಒಡೆಯಲೆಂದು ಕಾಯುವುದಿಲ್ಲ.

ಪ್ರಶ್ನೆಗಳು
1. ಗೊಡಾರ್ಡನ ಪ್ರಯೋಗವನ್ನು ಗಜನಿಯ ಒಡ್ಡಿನೊಡನೆ ಹೋಲಿಸಿ.
2. ದೀರ್ಘವಾದ ಸೆಳವಿನಿಂದ ಇಲಿಯ ಹಿಪ್ಪೊಕ್ಯಾಂಪಸಿನಲ್ಲಿ ಆಗುವ ಬದಲಾವಣೆಗಳಾವುವು?
3. ಸೆಳವು ಬಂದವರಿಗೆ ಮಾಡಬೇಕಾದ ಉಪಚಾರವನ್ನು ವಿವರಿಸಿ.