ಎಲೆಯ ಫೋಟೊ ಬೇಡ, ಬೇರಿನದು ಕಳಿಸು

ತಮ್ಮಾ, ಮೊನ್ನೆ ನೀನು ಕಳಿಸಿದ ಹೊಲದ ಫೋಟೊ ನೋಡಿದೆ. ಸಾಲಿನ ನಡುವೆ ಒಂದು ಎಸಳು ಕಸ ಇಲ್ಲ. ‘ಕಾಕಾ, ಹೊಲ ಕನ್ನಡಿ ಆಗೇತಿ’ ಅಂದೆ. ಖರೆ. ಆದರೆ ಸೋಯಾದ ಸುಳಿ ಎಲೆ ನಿಂಬೆಹಣ್ಣಿನ ಬಣ್ಣಕ್ಕೆ ತಿರುಗಿದ್ದೂ ಕಂಡಿತು. ಫೋನಿನಲ್ಲಿ ಹೇಳಿದರೆ ಬೈದಂತಾಗುತ್ತದೆ, ಅದಕ್ಕೇ ಬರೆಯುತ್ತಿದ್ದೇನೆ.

ಕಸ ಕೊಲ್ಲುವ ಎಣ್ಣಿ ಹೊಡೆಯಬೇಡ ಅಂತ ನಾನು ಹೇಳುವುದಿಲ್ಲ. ನಾನೂ ಹೊಡೆಯುತ್ತೇನೆ. ಬಿತ್ತಿದ ಮೊದಲ 30–40 ದಿನ ಕಸ ಬಿಟ್ಟರೆ ಸೋಯಾ ಮೇಲೇಳುವುದಿಲ್ಲ. ಆ ಹೊತ್ತಿಗೇ ಮಳೆ ಹಿಡಿದರೆ ನಮ್ಮ ಎರೆಹೊಲದಲ್ಲಿ ಕಾಲಿಡಲೂ ಆಗದು, ಎಡೆ ಹೊಡೆಯುವುದು ಎಲ್ಲಿ ಬಂತು. ಆಳಿನ ಮಾತಂತೂ ಬಿಡು. ನನ್ನ ತಕರಾರು ಎಣ್ಣಿಯ ಮೇಲಲ್ಲ, ನಿನ್ನ ಮುಚ್ಚಳದ ಮೇಲೆ. ‘ಪಂಪಿಗೆ ಎರಡು ಮುಚ್ಚಳ’ ಅನ್ನುವುದು ಅಳತೆ ಹೇಗಾಯಿತು? ಇಮಾಜೆಥಾಪೈರ್ ಶೇ. 10ರ ದ್ರಾವಣ ಎಕರೆಗೆ 400 ಮಿಲಿ, 200 ಲೀಟರ್ ನೀರಿನಲ್ಲಿ. 16 ಲೀಟರಿನ ಪಂಪಿಗೆ 32 ಮಿಲಿ ಬರುತ್ತದೆ. ಅಳತೆಯ ಲೋಟ ಹತ್ತು ರೂಪಾಯಿಗೆ ಸಿಗುತ್ತದೆ, ಮಾರಾಯ.

ಇಷ್ಟು ಕಟ್ಟುನಿಟ್ಟು ಯಾಕೆ ಅಂದರೆ, ಆ ಎಣ್ಣಿ ಹೊಡೆಯುವುದು ಬಿತ್ತಿದ 15–20ನೇ ದಿನಕ್ಕೆ. ಸೋಯಾ ಬೇರಿಗೆ ಗಂಟು ಕಟ್ಟುವುದೂ ಅದೇ ದಿನಗಳಲ್ಲಿ. ಆಗ ಬೇರು ಮಣ್ಣಿಗೆ ಒಂದು ರಸ ಬಿಟ್ಟು ಬ್ರಾಡಿರೈಜೋಬಿಯಂ ಅನ್ನುವ ಸೂಕ್ಷ್ಮಜೀವಿಯನ್ನು ಕರೆಯುತ್ತದೆ. ಅದು ಒಳಗೆ ಬಂದು ಮನೆ ಕಟ್ಟಿಕೊಂಡು, ಗಾಳಿಯ ಸಾರಜನಕ ಹಿಡಿದು ಗಿಡಕ್ಕೆ ಕೊಡುತ್ತದೆ. ಬಾಡಿಗೆಯಾಗಿ ಎಲೆ ಮಾಡಿದ ಸಕ್ಕರೆ ತಿನ್ನುತ್ತದೆ. ಗಿಡಕ್ಕೆ ಬೇಕಾದ ಸಾರಜನಕದಲ್ಲಿ ಅರ್ಧಕ್ಕರ್ಧ ಹೀಗೆ ಬಿಟ್ಟಿ ಸಿಗುವುದು. ಇಮಾಜೆಥಾಪೈರ್ ಕಸವನ್ನು ಕೊಲ್ಲುವುದು ಕೆಲವು ಅಮೈನೋ ಆಮ್ಲ ತಯಾರಾಗದಂತೆ ತಡೆದು. ಸೋಯಾ ಆ ವಿಷವನ್ನು ಒಳಗೇ ಒಡೆದು ಜೀರ್ಣಿಸಿಕೊಳ್ಳುತ್ತದೆ, ಅದಕ್ಕೇ ಬದುಕುತ್ತದೆ. ಪ್ರಮಾಣ ಮೀರಿದರೆ, ಇಲ್ಲವೇ ಹೊಲದಲ್ಲಿ ನೀರು ನಿಂತು ಗಿಡ ಸೊರಗಿದ್ದರೆ, ಜೀರ್ಣ ನಿಧಾನ. ಎಲೆ ಹಳದಿ, ಬೇರಿಗೆ ಸಕ್ಕರೆ ಕಡಿಮೆ, ಗಂಟು ಕಡಿಮೆ. ಸರಿಯಾದ ಪ್ರಮಾಣದಲ್ಲಿ ಹೊಡೆದರೂ ಒಂದೆರಡು ವಾರ ಬಾಡಿದಂತೆ ಕಂಡು ಚೇತರಿಸಿಕೊಳ್ಳುವುದುಂಟು. ಅದಕ್ಕೆ ಗಾಬರಿ ಬೇಡ.

ಹೊರದೇಶದಲ್ಲಿ ಇನ್ನೊಂದು ತಮಾಷೆ ನಡೆದಿದೆ. ಅಮೆರಿಕದಲ್ಲಿ 1996ರಿಂದ ಗ್ಲೈಫೋಸೇಟ್ ಅನ್ನುವ ಕಸದ ಎಣ್ಣಿ ತಾಳುವ ಕುಲಾಂತರಿ ಸೋಯಾ ಬೆಳೆಯುತ್ತಾರೆ. ಗಿಡಕ್ಕೇನೋ ತಾಳುವ ಗುಣ ಕೊಟ್ಟರು, ಗಂಟಿನೊಳಗಿನ ಬಾಡಿಗೆದಾರನಿಗೆ ಕೊಡಲಿಲ್ಲ. ಎಣ್ಣಿ ಗಂಟಿನವರೆಗೂ ಇಳಿದು ಅದಕ್ಕೆ ತ್ರಾಸು ಕೊಡುತ್ತದೆ. ನಮ್ಮಲ್ಲಿ ಆ ಸೋಯಾಕ್ಕೆ ಅನುಮತಿಯೇ ಇಲ್ಲ. ನಿಂತ ಬೆಳೆಯ ಮೇಲೆ ಗ್ಲೈಫೋಸೇಟ್ ಹೊಡೆದರೆ ಕಸದ ಜೊತೆ ಸೋಯಾವೂ ಒಣಗುತ್ತದೆ, ನೆನಪಿರಲಿ.

ನಾನು ಮಾಡಿದ ತಪ್ಪನ್ನೂ ಕೇಳು. ಒಂದು ವರ್ಷ ನಾನೂ ನಿನ್ನಂತೆ ಕೈಯಳತೆಯಲ್ಲಿ ಹೊಡೆದೆ. ಹೊಲ ಹಳದಿಯಾಯಿತು. ಅಂಗಡಿಯವನು ‘ಯೂರಿಯಾ ಹಾಕ್ರಿ, ಹಸಿರಾಗತೈತಿ’ ಅಂದ. ಹಾಕಿದೆ, ಹಸಿರಾಯಿತು. ಊರವರು ದಾರಿಯಲ್ಲಿ ನಿಂತು ನೋಡುವಷ್ಟು ಹಸಿರು. ಹೂ ಬಿಡುವಾಗ ನಿಮ್ಮ ಆಯಿ ದನಕ್ಕೆಂದು ಒಂದು ಹಿಡಿ ಗಿಡ ಕಿತ್ತು ತಂದಳು. ಬೇರು ಹುರಿಯಂತೆ ನುಣ್ಣಗಿತ್ತು. ಪುಕ್ಕಟೆ ಯೂರಿಯಾ ಸಿಕ್ಕ ಮೇಲೆ ಗಿಡ ಬಾಡಿಗೆದಾರನನ್ನು ಯಾಕೆ ಸಾಕೀತು? ಕಾಯಿ ತುಂಬುವ ಹೊತ್ತಿಗೆ ಯೂರಿಯಾ ಮುಗಿದಿತ್ತು, ಗಂಟೂ ಇರಲಿಲ್ಲ. ಎಣ್ಣಿಗಿಂತ ಹೆಚ್ಚು ನನ್ನನ್ನು ಹಾಳು ಮಾಡಿದ್ದು ಆ ಯೂರಿಯಾ ಅಂತ ಈಗಲೂ ನನ್ನ ಅಭಿಪ್ರಾಯ.

ಮುಂದಿನ ಸಲ ಬೀಜಕ್ಕೆ ರೈಜೋಬಿಯಂ ಹಚ್ಚು. ಶಿಲೀಂಧ್ರನಾಶಕ ಹಚ್ಚುವುದಿದ್ದರೆ ಅದು ಮೊದಲು; ಬೆಲ್ಲದ ಪಾಕದಲ್ಲಿ ಕಲಸಿದ ರೈಜೋಬಿಯಂ ಕೊನೆಗೆ. ನೆರಳಲ್ಲಿ ಆರಿಸಿ ಅವತ್ತೇ ಬಿತ್ತು. ಎಣ್ಣಿ ಹೊಡೆಯುವಾಗ ನಾಲ್ಕು ಸಾಲು ಹಾಗೇ ಬಿಟ್ಟು, ಅವಕ್ಕೆ ಕೈಯಿಂದ ಕಸ ತೆಗೆಸು. ಹೋಲಿಸಿ ನೋಡಲು ಅವು ಬೇಕು.

ಈಗ ಮಾಡಬೇಕಾದ್ದು ಇಷ್ಟೇ. ಗಿಡ ಜಗ್ಗಬೇಡ, ಗಂಟು ಹರಿದು ಮಣ್ಣಲ್ಲೇ ಉಳಿಯುತ್ತವೆ. ಸಲಿಕೆಯಿಂದ ಮಣ್ಣಿನ ಹೆಂಟೆ ಸಮೇತ ಎತ್ತಿ ಬಕೆಟ್ ನೀರಿನಲ್ಲಿ ಅದ್ದು. ಗಂಟೊಂದನ್ನು ಉಗುರಿನಿಂದ ಸೀಳು. ಒಳಗೆ ಹಸಿಮಾಂಸದಂತೆ ಕೆಂಪಗಿದ್ದರೆ ಕೆಲಸ ನಡೆದಿದೆ. ನಮ್ಮ ರಕ್ತದ ಬಣ್ಣಕ್ಕೆ ಕಾರಣವಾದದ್ದರ ಸಂಬಂಧಿಯೇ ಅಲ್ಲೂ ಇರುವುದು. ಹಸಿರೋ ಕಂದೋ ಆಗಿದ್ದರೆ ಆ ಗಂಟಿನ ಕೆಲಸ ನಿಂತಿದೆ.

ಹೊಲದ ನಾಲ್ಕು ಕಡೆ ಒಂದೊಂದು ಗಿಡ ಹೀಗೆ ತೆಗೆದು ಫೋಟೊ ಕಳಿಸು. ಅಲ್ಲಿಯ ತನಕ ಯೂರಿಯಾ ಚೀಲ ಬಿಚ್ಚಬೇಡ.