ಆಕಾಶದಲ್ಲಿ ರೇಡಿಯೊ ಕೈಕೊಟ್ಟರೆ?

ಪ್ರಶ್ನೆ: ಮಗಳು ಅಮೆರಿಕದ ನ್ಯೂಜೆರ್ಸಿಯಲ್ಲಿದ್ದಾಳೆ. ಅಲ್ಲಿನ ನೆವಾರ್ಕ್ ವಿಮಾನ ನಿಲ್ದಾಣದಲ್ಲಿ ವಿಮಾನಗಳ ಜೊತೆ ಸಂಪರ್ಕವೇ ಕಡಿದುಹೋಗಿತ್ತೆಂದು ಓದಿದಾಗಿನಿಂದ, ಅವಳು ವಿಮಾನ ಹತ್ತಿದ ದಿನ ನನಗೆ ನಿದ್ದೆಯಿಲ್ಲ. ಹೀಗಾದರೆ ವಿಮಾನಗಳು ಡಿಕ್ಕಿಯಾಗುವುದಿಲ್ಲವೇ?
ಓದುಗರು, ಶಿವಮೊಗ್ಗ

ಉತ್ತರ: ಮಗಳು ಮೇಲಿರುವಾಗ ಕೆಳಗಿನವರ ಮಾತೇ ಕೇಳದಂತಾದರೆ ಗತಿಯೇನು ಎಂಬುದು ನಿಮ್ಮ ಚಿಂತೆ. ಯಾವ ಹೆತ್ತವರಿಗೂ ಇದು ಸಹಜ. ಆದರೆ ರೇಡಿಯೊ ಕೈಕೊಡಬಹುದು ಎಂದುಕೊಂಡೇ ವಿಮಾನಯಾನದ ನಿಯಮಗಳನ್ನು ರೂಪಿಸಿದ್ದಾರೆ. ಅಂದು ಯಾವ ಡಿಕ್ಕಿಯೂ ಆಗಲಿಲ್ಲ.

ನೆವಾರ್ಕ್‌ಗೆ ಬರುವ ವಿಮಾನಗಳಿಗೆ ದಾರಿ ಹೇಳುವ ನಿಯಂತ್ರಕರು ಕೂರುವುದು ಫಿಲಡೆಲ್ಫಿಯಾದಲ್ಲಿ. 2025ರ ಏಪ್ರಿಲ್ 28ರಂದು ಅಲ್ಲಿಗೆ ಹೋಗುವ ದೂರಸಂಪರ್ಕ ಮಾರ್ಗ ಕೆಟ್ಟು, ಸುಮಾರು 90 ಸೆಕೆಂಡು ರಾಡಾರ್ ಪರದೆಯೂ ರೇಡಿಯೊವೂ ನಿಂತುಹೋದವು. ಕೆಟ್ಟದ್ದು ನೆಲದ ವ್ಯವಸ್ಥೆ. ವಿಮಾನಗಳೊಳಗಿನ ಉಪಕರಣಗಳಿಗೆ ಏನೂ ಆಗಿರಲಿಲ್ಲ.

ಅವುಗಳಲ್ಲಿ ಟೀಕ್ಯಾಸ್ (ಇನ್ನೊಂದು ವಿಮಾನ ತೀರ ಹತ್ತಿರ ಬಂದರೆ ಏರಿ ಅಥವಾ ಇಳಿಯಿರಿ ಎಂದು ಪೈಲಟ್‌ಗೆ ಹೇಳುವ ಸಾಧನ) ಕೂಡ ಒಂದು. ಇದಕ್ಕೆ ನೆಲದವರ ನೆರವು ಬೇಕಿಲ್ಲ. 1996ರ ನವೆಂಬರ್ 12ರಂದು ಹರಿಯಾಣದ ಚರ್ಖಿ ದಾದ್ರಿಯ ಮೇಲೆ ಎರಡು ವಿಮಾನಗಳು ಡಿಕ್ಕಿಯಾಗಿ 349 ಮಂದಿ ಸತ್ತ ನಂತರ ನಮ್ಮ ದೇಶವೂ ಇದನ್ನು ಕಡ್ಡಾಯಗೊಳಿಸಿತು.

ಮಾತು ನಿಂತರೆ ಪೈಲಟ್ ಮೊದಲು ಹಿಂದಿನ ತರಂಗಾಂತರಕ್ಕೆ ಮರಳಿ ಕರೆಯುತ್ತಾರೆ. ಆಮೇಲೆ 121.5 ಮೆಗಾಹರ್ಟ್ಸ್ ಎಂಬ ತುರ್ತು ತರಂಗಾಂತರ. ವಿಮಾನದ ರೇಡಿಯೊವೇ ಸತ್ತಿದ್ದರೆ ಟ್ರಾನ್ಸ್‌ಪಾಂಡರ್‌ನಲ್ಲಿ (ವಿಮಾನದ ಗುರುತು, ಎತ್ತರಗಳನ್ನು ರಾಡಾರ್‌ಗೆ ತಿಳಿಸುವ ಉಪಕರಣ) 7600 ಎಂದು ಹಾಕುತ್ತಾರೆ. ರಾಡಾರ್ ಮುಂದೆ ಕುಳಿತವರಿಗೆ ಇದರಿಂದ ವಿಷಯ ತಿಳಿಯುತ್ತದೆ. ಗೋಪುರದಿಂದ ಬಣ್ಣದ ದೀಪ ತೋರಿಸುವ ಪದ್ಧತಿ ಇಂದಿಗೂ ಇದೆ: ಆಕಾಶದಲ್ಲಿರುವ ವಿಮಾನಕ್ಕೆ ಸ್ಥಿರ ಹಸಿರು ಕಂಡರೆ ಇಳಿಯಬಹುದು, ಸ್ಥಿರ ಕೆಂಪು ಕಂಡರೆ ಸುತ್ತು ಹಾಕುತ್ತಿರಬೇಕು.

ಹಾಗೆಂದು ನಿಮ್ಮ ಭಯ ಹುಸಿಯಲ್ಲ. ಮೇ 9ರಂದು ಸಂಪರ್ಕ ಮತ್ತೆ ಅಷ್ಟೇ ಹೊತ್ತು ತಪ್ಪಿತು. ಏಪ್ರಿಲ್‌ನ ಆಘಾತದಿಂದ ಕೆಲವು ನಿಯಂತ್ರಕರು ರಜೆಯ ಮೇಲೆ ಹೋಗಬೇಕಾಯಿತು. ಲಕ್ಷಾಂತರ ಜನರ ಜೀವ ಹೊತ್ತ ಜಾಲದಲ್ಲಿ ಹಳೆಯ ತಾಮ್ರದ ತಂತಿಗಳನ್ನು ಅಷ್ಟು ಕಾಲ ಉಳಿಸಿಕೊಂಡದ್ದು ತಪ್ಪೇ. ಆಮೇಲೆ ಅವುಗಳ ಬದಲು ಫೈಬರ್ ಕೇಬಲ್ ಹಾಕಲು ಹೊರಟರು, ವಿಮಾನಗಳ ಸಂಖ್ಯೆಯನ್ನೂ ತಗ್ಗಿಸಿದರು. ಹೀಗಾಗಿ ಮಗಳ ವಿಮಾನ ತಡವಾದರೆ ಗಾಬರಿಯಾಗಬೇಡಿ. ನಿಭಾಯಿಸಲು ಆಗುವಷ್ಟನ್ನೇ ಬಿಡುವುದು ಸುರಕ್ಷತೆಯ ಕ್ರಮ.

ಪ್ರಶ್ನೆ: ಇಬ್ಬರು ಒಟ್ಟಿಗೇ ಮಾತಾಡಿದರೆ ಪೈಲಟ್‌ಗೆ ಏನು ಕೇಳಿಸುತ್ತದೆ?
ವಿದ್ಯಾರ್ಥಿ, ಹಾವೇರಿ

ಉತ್ತರ: ಒಂದು ತರಂಗಾಂತರದಲ್ಲಿ ಒಂದು ಹೊತ್ತಿಗೆ ಒಬ್ಬರೇ ಮಾತಾಡಬೇಕು. ಇಬ್ಬರು ಗುಂಡಿ ಒತ್ತಿದರೆ ಉಳಿದವರಿಗೆ ಕೀರಲು ಸದ್ದು ಕೇಳಿಸುತ್ತದೆ. ಇದರಿಂದ ದುರಂತವೂ ಆಗಿದೆ.

1977ರ ಮಾರ್ಚ್ 27ರಂದು ಸ್ಪೇನಿಗೆ ಸೇರಿದ ಟೆನೆರಿಫ್ ದ್ವೀಪದಲ್ಲಿ ದಟ್ಟ ಮಂಜು ಕವಿದಿತ್ತು. ಕೆಎಲ್‌ಎಂ ವಿಮಾನ ಹೊರಡುವ ಮಾತಾಡಿದಾಗ ಗೋಪುರದವರು ‘ಓಕೆ’ ಎಂದು, ತುಸು ತಡೆದು, ಕಾಯಿರಿ ಎಂದರು. ಅದೇ ಕ್ಷಣ ಪ್ಯಾನ್ ಆಮ್ ವಿಮಾನದ ಪೈಲಟ್, ತಾವಿನ್ನೂ ರನ್‌ವೇ ಮೇಲಿದ್ದೇವೆ ಎಂದರು. ಎರಡೂ ಮಾತು ಡಿಕ್ಕಿಯಾದವು. ಕೆಎಲ್‌ಎಂ ಕಾಕ್‌ಪಿಟ್‌ನಲ್ಲಿ ಸ್ಪಷ್ಟವಾಗಿ ಕೇಳಿದ್ದು ‘ಓಕೆ’ ಮಾತ್ರ. ಹೊರಟ ಆ ವಿಮಾನ ಪ್ಯಾನ್ ಆಮ್ ವಿಮಾನಕ್ಕೆ ಅಪ್ಪಳಿಸಿತು. ಸತ್ತವರು 583 ಮಂದಿ.

ಆ ದುರಂತದ ನಂತರ ನಿಯಮಗಳು ಬಿಗಿಯಾದವು. ಇಂದು ರನ್‌ವೇಗೆ ಸಂಬಂಧಿಸಿದ ಅನುಮತಿಗೆ ‘ಓಕೆ’ ಎಂದರೆ ಸಾಲದು. ಪೈಲಟ್ ರನ್‌ವೇ ಸಂಖ್ಯೆಯ ಸಮೇತ ಹೇಳಿದ್ದನ್ನು ಹೇಳಿದಂತೆಯೇ ಒಪ್ಪಿಸಬೇಕು, ತಪ್ಪಿದರೆ ನಿಯಂತ್ರಕರು ತಿದ್ದಬೇಕು.