ದೊಡ್ಡವರಿಗೆ ಕಲಿಸುವ ಚಿಕ್ಕವರಿಗೆ

ಕಡೂರು, ತರೀಕೆರೆ, ಅಜ್ಜಂಪುರದ ಹಳ್ಳಿಗಳಲ್ಲಿ ವಯಸ್ಕರಿಗೆ ಅಕ್ಷರ ಕಲಿಸಲು ಒಪ್ಪಿಕೊಂಡಿರುವ ಮಕ್ಕಳೇ, ನಿಮ್ಮ ಮುಂದೆ ಸ್ಲೇಟು ಹಿಡಿದು ಕೂರುವವರಿಗೆ ನಿಮ್ಮ ತಾಯಿಯ ವಯಸ್ಸು, ಕೆಲವರಿಗೆ ಅಜ್ಜಿಯ ವಯಸ್ಸು. ಈ ಕೆಲಸದ ವೃತ್ತಿಧರ್ಮ ಏನೆಂದು ಯಾರೂ ನಿಮ್ಮನ್ನು ಕೂರಿಸಿಕೊಂಡು ಹೇಳಿರಲಾರರು. ಅದಕ್ಕೇ ಬರೆಯುತ್ತಿದ್ದೇನೆ.

1978ರ ಅಕ್ಟೋಬರ್ 2ರಂದು ರಾಷ್ಟ್ರೀಯ ವಯಸ್ಕರ ಶಿಕ್ಷಣ ಕಾರ್ಯಕ್ರಮ ಶುರುವಾಯಿತು. ಕೇಂದ್ರಕ್ಕೆ ಸುಮಾರು 30 ಜನ, ಕಲಿಸುವವರಿಗೆ ತಿಂಗಳಿಗೆ 50 ರೂಪಾಯಿ ಗೌರವಧನ. ಅಷ್ಟರಲ್ಲೇ ಕೆಲವರು ಎಷ್ಟು ಚೆನ್ನಾಗಿ ಕಲಿಸಿದರು! ಅವರಿಗೆ ಊರಿನ ದಿನಚರಿ ಗೊತ್ತಿತ್ತು. ಈರುಳ್ಳಿ ಕೀಳುವ ವಾರ ಅಜ್ಜಂಪುರ ಕಡೆಯ ಹೆಂಗಸರಿಗೆ ಬಿಡುವಿಲ್ಲ, ಅಡಿಕೆ ಸುಲಿಯುವ ಕಾಲದಲ್ಲಿ ತರೀಕೆರೆ ಕಡೆಯವರಿಗೆ ರಾತ್ರಿಯೂ ಕೆಲಸ. ಕಲಿಯುವವರು ಬರದಿದ್ದರೆ ಬೋಧಕರೇ ಅವರ ಅಂಗಳಕ್ಕೆ ಹೋಗುತ್ತಿದ್ದರು.

ಈಗ ನಿಮಗೆ ಆ 50 ರೂಪಾಯಿಯೂ ಇಲ್ಲ. 2009ರ ಸಾಕ್ಷರ ಭಾರತ ಯೋಜನೆಯಲ್ಲಿ ಕೇಂದ್ರ ನೋಡಿಕೊಳ್ಳುತ್ತಿದ್ದ ಪ್ರೇರಕರಿಗೆ ತಿಂಗಳಿಗೆ 2000 ರೂಪಾಯಿ ಸಿಗುತ್ತಿತ್ತು. 2018ರಲ್ಲಿ ಯೋಜನೆ ನಿಂತಿತು, ಆ ಹಣವೂ ನಿಂತಿತು. 2022ರಿಂದ ನಡೆಯುತ್ತಿರುವ ‘ಉಲ್ಲಾಸ್’ ಸಾಕ್ಷರತಾ ಕಾರ್ಯಕ್ರಮದಲ್ಲಿ ನೀವು ಸ್ವಯಂಸೇವಕರು. ಇದು ನ್ಯಾಯವಲ್ಲ ಎನ್ನುವವರ ಪೈಕಿ ನಾನೂ ಒಬ್ಬ. ಗೌರವಧನ ಕೇಳಿ, ಗಟ್ಟಿಯಾಗಿಯೇ ಕೇಳಿ. ಆದರೆ ಆ ಬೇಸರವನ್ನು ಹೊಲದಿಂದ ದಣಿದು ಬಂದ ಹೆಂಗಸಿನ ಮೇಲೆ ತೀರಿಸಬೇಡಿ. ಏಳು ಗಂಟೆಗೆ ಬರುತ್ತೇನೆಂದರೆ ಏಳಕ್ಕೇ ಬನ್ನಿ. ಬಹುವಚನದಲ್ಲೇ ಮಾತಾಡಿಸಿ. ‘ಇಷ್ಟೂ ಬರೋದಿಲ್ವಾ’ ಎಂಬ ಒಂದು ಮಾತಿಗೆ ಸ್ಲೇಟು ಕೆಳಗಿಟ್ಟು ಹೋದವರು ಮತ್ತೆ ಬಂದದ್ದನ್ನು ನಾನು ಕಂಡಿಲ್ಲ. ಕೇಳದೆ ಅವರ ಫೋಟೋ ತೆಗೆದು ವಾಟ್ಸಾಪ್‌ಗೆ ಹಾಕಬೇಡಿ. ಓದು ಬಾರದೆಂಬುದು ಅವರು ಜೀವಮಾನವಿಡೀ ಮುಚ್ಚಿಟ್ಟುಕೊಂಡು ಬಂದ ನೋವು.

ನನ್ನನ್ನು ಎಲ್ಲಕ್ಕಿಂತ ಕಾಡುವುದು ಕಲಿತವರಿಗೆ ನಡೆಸುವ ಪರೀಕ್ಷೆಯ ದಿನ. ಓದು, ಬರಹ, ಲೆಕ್ಕ, ತಲಾ 50 ಅಂಕ. ಗುರಿ ಮುಟ್ಟಬೇಕೆಂಬ ಒತ್ತಡ ಮೇಲಿಂದ ಬರುತ್ತದೆ, ‘ಪಾಪ, ಮುಗಿಸಿಬಿಡೋಣ’ ಎಂಬ ಕನಿಕರ ಒಳಗಿಂದ ಬರುತ್ತದೆ. ಎರಡಕ್ಕೂ ಸೋಲಬೇಡಿ. ಅವರ ಉತ್ತರವನ್ನು ನೀವು ಬರೆದ ಮೇಲೆ ಏನಾಗುತ್ತದೆ, ಯೋಚಿಸಿ. ಪಟ್ಟಿಯಲ್ಲಿ ಆ ತಾಯಿ ಸಾಕ್ಷರಳಾಗುತ್ತಾಳೆ. ಮುಂದಿನ ಸರ್ವೆಯಲ್ಲಿ ಆಕೆಯ ಹೆಸರು ಬರುವುದಿಲ್ಲ, ಕಲಿಸಲು ಯಾರೂ ಹೋಗುವುದಿಲ್ಲ. ಬೀರೂರಿನ ಬ್ಯಾಂಕಿನಲ್ಲಿ ಮಾತ್ರ ಆಕೆ ಇನ್ನೂ ಹೆಬ್ಬೆಟ್ಟು ಚಾಚಿಕೊಂಡು, ಚೀಟಿ ತುಂಬಿಕೊಡುವವರನ್ನು ಹುಡುಕುತ್ತ ನಿಂತಿರುತ್ತಾಳೆ. ಕನಿಕರದಿಂದ ಮಾಡಿದ ಕೆಲಸವೇ ಆಕೆಯ ಕೊನೆಯ ಅವಕಾಶವನ್ನು ಕಿತ್ತುಕೊಂಡಿರುತ್ತದೆ. ಇನ್ನೂ ಬರುವುದಿಲ್ಲ ಎಂದು ಬರೆಯಬೇಕಾದ ಕಡೆ ಹಾಗೆಯೇ ಬರೆಯಿರಿ; ಮುಂದಿನ ಸಲ ಮತ್ತೆ ಪರೀಕ್ಷೆಗೆ ಕೂರಿಸಿ.

ಈ ವಾರವೇ ನಿಮ್ಮ ಹಳೆಯ ಪಟ್ಟಿ ತೆಗೆಯಿರಿ. ಪಾಸಾದವರಲ್ಲಿ ಬಸ್ಸಿನ ಬೋರ್ಡು ಓದಲಾರದವರು ಯಾರೆಂದು ನಿಮಗೆ ಗೊತ್ತು. ಅವರ ಮನೆಗೆ ಹೋಗಿ, ಯಾವ ಹೊತ್ತಿಗೆ ಬಿಡುವೆಂದು ಕೇಳಿ, ಮೊದಲ ಪಾಠದಿಂದ ಮತ್ತೆ ಶುರು ಮಾಡಿ.